ಕಾಗೆ ಮುಟ್ಟದ ಹಾಲನ್ನ

ಶೇಷಮ್ಮ ತೀರಿಕೊಂಡು ವರ್ಷ ತುಂಬಿದ ದಿನ ಅವಳ ಎಡೆಗೆ ಹೂವಪ್ಪ ಹಾಲನ್ನ ಬಡಿಸಿದ್ದೇ ಎಲ್ಲ ರಾದ್ಧಾಂತಕ್ಕೂ ಕಾರಣವಾಯಿತು.

ಬಾಳೆಲೆಯ ಮೇಲೆ ಮುದ್ದೆಯಾಗುವಷ್ಟು ಬೆಂದ ಅನ್ನ, ಅದರ ಮೇಲೆ ಕಾಸಿ ಆರಿಸಿದ ಹಾಲು, ಪಕ್ಕದಲ್ಲಿ ಬರೀ ನೀರಿನಲ್ಲಿ ಬೇಯಿಸಿದ ಸೋರೆಕಾಯಿ, ಒಂದು ಬಾಳೆಹಣ್ಣು. ಖಾರವಿಲ್ಲ, ಹುಳಿಯಿಲ್ಲ, ಒಗ್ಗರಣೆಯ ವಾಸನೆಯೂ ಇಲ್ಲ. ಎಲೆಯನ್ನು ಹಿತ್ತಲ ಕಟ್ಟೆಯ ಮೇಲಿಟ್ಟು, ಕೈಮುಗಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ಹೂವಪ್ಪ ಕಾಗೆಯನ್ನು ಕರೆದ. ಒಂದು ಕಾಗೆ ಬಂದಿತು. ಕಟ್ಟೆಯ ತುದಿಯಲ್ಲಿ ಕುಳಿತು, ಕತ್ತು ಓರೆ ಮಾಡಿ ಎಲೆಯನ್ನು ನೋಡಿತು. ಆಮೇಲೆ ಹಾರಿಹೋಯಿತು.

ಆಗ ಗಂಟೆ ಹನ್ನೊಂದು. ಎಡೆಯನ್ನು ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಎಲೆಯ ಮುಂದೆ ಕೂರುವಂತಿಲ್ಲ. ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಮಕ್ಕಳಿಲ್ಲದ ಮನೆ ಅದು. ಶೇಷಮ್ಮನ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಉಳಿಸಿದವನು ಹೂವಪ್ಪನೇ ಎಂದು ಲೆಕ್ಕ ಹಾಕಲು ಸಾಗರದ ಆ ಬೀದಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೂವಪ್ಪನಿಗಾದರೂ ಬೇಕಾಗಿದ್ದುದು ಅಷ್ಟೇ: ಅವಳು ತನ್ನ ಕೈಯ ಅನ್ನವನ್ನು ಇದೊಂದು ಸಲ ಉಂಡು ಹೋಗಲಿ. ಅವಳಿಲ್ಲದ ಒಂದು ವರ್ಷದಲ್ಲಿ ಅವನು ಬೇಡಿಕೊಂಡದ್ದು ಇದೊಂದನ್ನೇ.

ಹಾಲನ್ನ ಏಕೆ ಎಂಬುದಕ್ಕೆ ಒಂದು ಪುಸ್ತಕದ ಕತೆ ಹೇಳಬೇಕು.

ಹೂವಪ್ಪ ಜೋಗದ ಕಡೆಯ ಒಂದು ಡಿಸ್ಪೆನ್ಸರಿಯಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವನು. ಗಾಯಕ್ಕೆ ಪಟ್ಟಿ ಕಟ್ಟುವುದು, ಚೀಟಿಯ ನಂಬರು ಕೂಗುವುದು, ಡಾಕ್ಟರರ ಮೇಜು ಒರೆಸುವುದು ಅವನ ಕೆಲಸ. ಒಮ್ಮೆ ಕಪಾಟು ಖಾಲಿ ಮಾಡಿ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕುವಾಗ ಕನ್ನಡದ ಒಂದು ದಪ್ಪ ವೈದ್ಯಪುಸ್ತಕ ಅವನ ಕಣ್ಣಿಗೆ ಬಿತ್ತು. ರಟ್ಟು ಕಿತ್ತುಹೋಗಿತ್ತು. ಮೊದಲ ಹನ್ನೆರಡು ಪುಟಗಳನ್ನು ಗೆದ್ದಲು ತಿಂದಿದ್ದರಿಂದ ಬರೆದವರು ಯಾರು, ಯಾವ ಕಾಲದಲ್ಲಿ ಬರೆದರು ಎಂದು ತಿಳಿಯುವಂತಿರಲಿಲ್ಲ. ಹಾಲಿನ ಅಳತೆಯನ್ನು ಪಾವು, ಸೇರುಗಳಲ್ಲಿ ಕೊಟ್ಟಿದ್ದನ್ನು ನೋಡಿಯಾದರೂ ಅದರ ವಯಸ್ಸನ್ನು ಅಂದಾಜು ಮಾಡಬಹುದಿತ್ತು. ಹೂವಪ್ಪ ಅಂದಾಜು ಮಾಡಲಿಲ್ಲ. ಕಂದು ಕಾಗದದ ಹೊದಿಕೆ ಹಾಕಿ ಮನೆಗೆ ತಂದ.

ನಿವೃತ್ತನಾಗಿ ಸಾಗರಕ್ಕೆ ಬಂದ ಮೇಲೆ ಬೀದಿಯವರು ಅವನನ್ನು ‘ಡಾಕ್ಟರ್ ಹೂವಪ್ಪ’ ಎಂದು ಕರೆಯತೊಡಗಿದರು. ಅವರು ಅರ್ಧ ತಮಾಷೆಗೆ ಕರೆದದ್ದನ್ನು ಅವನು ಪೂರ್ತಿ ನಿಜವೆಂದು ಸ್ವೀಕರಿಸಿದ. ಎದುರು ಮನೆಯ ಮೊಬೈಲ್ ಅಂಗಡಿ ನಟರಾಜನಿಗೆ ಟೈಫಾಯ್ಡ್ ಬಂದಾಗ ಮೂರು ವಾರ ಬಾರ್ಲಿ ನೀರನ್ನು ಬಿಟ್ಟು ಬೇರೇನೂ ಮುಟ್ಟಬಾರದೆಂದು ಪುಸ್ತಕ ತೆರೆದು ತೋರಿಸಿದ್ದ. ನಟರಾಜ ನಾಲ್ಕನೆಯ ದಿನವೇ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ಸಿಕ್ಕಿಬಿದ್ದು, ಅವತ್ತಿನಿಂದ ಹೂವಪ್ಪನನ್ನು ಕಂಡರೆ ತುಸು ನಾಚಿಕೊಳ್ಳುತ್ತಿದ್ದ.

ಆದರೆ ಪುಸ್ತಕದ ಪೂರ್ತಿ ಭಾರ ಬಿದ್ದದ್ದು ಶೇಷಮ್ಮನ ಮೇಲೆ. ಹನ್ನೆರಡು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಒಂದು ಮದುವೆಗೆ ಹೋಗಿ, ಕಡುಬು ಕೋಳಿಸಾರು ಉಂಡು ಬರುವಾಗ ಬಸ್ಸಿನಲ್ಲಿ ಅವಳು ಎದೆ ಉರಿಯುತ್ತದೆ ಎಂದಳು. ಇನ್ನೊಂದು ಸಲ ತೇಗಿದ್ದರೆ ಮುಗಿಯುತ್ತಿದ್ದ ಸಂಗತಿ. ಹೂವಪ್ಪ ಮನೆಗೆ ಬಂದವನೇ ಪುಸ್ತಕ ತೆರೆದ. ‘ಜಠರದ ಹುಣ್ಣು’ ಎಂಬ ತಲೆಬರಹದ ಕೆಳಗೆ ಅವಳ ಎದೆಯುರಿ ಅಕ್ಷರಶಃ ಕುಳಿತಿತ್ತು. ಪಥ್ಯ: ಗಂಟೆಗೊಮ್ಮೆ ಹಾಲು, ಮೆತ್ತನೆಯ ಅನ್ನ, ಬೇಯಿಸಿದ ತರಕಾರಿ. ಖಾರ, ಹುಳಿ, ಮೀನು, ಮಾಂಸ, ಉಪ್ಪಿನಕಾಯಿ ವರ್ಜ್ಯ. ಕೊನೆಯಲ್ಲಿ ಇನ್ನೊಂದು ಸಾಲು: ರೋಗಿಯ ಕಣ್ಣೆದುರು ಮನೆಯವರೂ ಇವುಗಳನ್ನು ತಿನ್ನಬಾರದು, ಆಸೆಯಿಂದ ರೋಗಿಯ ಜಠರದಲ್ಲಿ ರಸ ಹೆಚ್ಚುತ್ತದೆ.

ಶೇಷಮ್ಮ ಹೊಸನಗರ ತಾಲ್ಲೂಕಿನ ಹಿನ್ನೀರಿನ ದಂಡೆಯಲ್ಲಿ ಹುಟ್ಟಿ ಬೆಳೆದವಳು. ಮೀನಿಲ್ಲದ ಊಟ ಅವಳ ಪಾಲಿಗೆ ಅರ್ಧ ಊಟ. ಆದರೂ ಗಂಡ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದ್ದನ್ನು ಓದಿ, ಆಯ್ತು ಎಂದಳು. ಹೂವಪ್ಪ ಅವಳಿಗಿಂತ ಮೀನಿನ ಮನುಷ್ಯ. ಅವನೂ ಅಂದಿನಿಂದಲೇ ಬಿಟ್ಟ. ಹನ್ನೊಂದು ವರ್ಷ ಗಂಡ ಹೆಂಡತಿ ಎದುರುಬದುರು ಕುಳಿತು ಹಾಲನ್ನ ಉಂಡರು. ಶೇಷಮ್ಮ ಬಡವಾಗಲಿಲ್ಲ, ಬದಲಿಗೆ ಮೈ ಕೈ ತುಂಬಿಕೊಂಡು ದುಂಡಗಾದಳು. ಅದು ಹಾಲಿನ ಮಹಿಮೆ, ಪುಸ್ತಕದ ಮಹಿಮೆ ಎಂದು ಹೂವಪ್ಪ ಸಿಕ್ಕವರಿಗೆಲ್ಲ ಹೇಳಿದ. ಅವನು ಸಂತೋಷವಾಗಿದ್ದ. ಒಂದು ರೋಗವನ್ನು ತಾನೇ ಗೆದ್ದೆ ಎಂಬ ಸಂತೋಷ ಅಟೆಂಡರಿಗೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ.

ಹೋದ ವರ್ಷ ಅವಳಿಗೆ ಬಂದದ್ದು ಡೆಂಗಿ ಜ್ವರ. ಹುಣ್ಣಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ಎರಡನೆಯ ದಿನ, “ಒಂದ್ ಚೂರು ಮೀನ್ ಸಾರಿದ್ರೆ ಬಾಯಿಗೆ ರುಚಿ ಬರ್ತಿತ್ತೇನೋ” ಎಂದಿದ್ದಳು. ಜ್ವರ ಇಳಿಯಲಿ, ನೋಡೋಣ ಎಂದಿದ್ದ ಹೂವಪ್ಪ.

ಈಗ ಕಟ್ಟೆಯ ಮೇಲೆ ಹಾಲು ಕೆನೆಗಟ್ಟುತ್ತಿತ್ತು. ಶೇಷಮ್ಮನ ಅಣ್ಣ ಮಂಜುನಾಥಪ್ಪ ಹೊಸನಗರದಿಂದ ಮೊದಲ ಬಸ್ಸಿಗೇ ಬಂದವರು, ಬೆಳಗಿನಿಂದ ಒಂದು ಲೋಟ ಕಾಫಿಯ ಮೇಲೆ ನಿಂತಿದ್ದರು. ಅವರು ಮುಂದೆ ಬಂದು, ತಂಗಿಗೆ ಏನು ಕಡಿಮೆಯಾಗಿದೆ ಎಂದು ಗಟ್ಟಿಯಾಗಿ ವಿಚಾರಿಸಿದರು. ಬೀದಿಯ ಹೆಂಗಸರು ತಮತಮಗೆ ಕಡಿಮೆಯಾಗಿದ್ದನ್ನೆಲ್ಲ ಶೇಷಮ್ಮನ ಹೆಸರಿನಲ್ಲಿ ಹೇಳಿದರು. ಒಬ್ಬಳು ಸೀರೆ ಎಂದಳು. ಸೀರೆ ತಂದು ಎಲೆಯ ಪಕ್ಕ ಇಟ್ಟಾಯಿತು. ಇನ್ನೊಬ್ಬಳು ಬಳೆ ಎಂದಳು, ಅದೂ ಬಂತು. ಮತ್ತೊಬ್ಬಳು ಧರ್ಮಸ್ಥಳ ಎಂದಳು. ಹೂವಪ್ಪ ಹೋಗಿಬರುವುದಾಗಿ ಒಪ್ಪಿಕೊಂಡ. ಕಾಗೆ ಮಾತ್ರ ಬರಲಿಲ್ಲ.

ಪಕ್ಕದ ಮನೆಯ ರಂಗಮ್ಮ ಗೋಡೆಯಾಚೆಯಿಂದ ಮೂರು ಸಲ ಇಣುಕಿದ್ದಳು. ಶೇಷಮ್ಮನ ಜೀವದ ಗೆಳತಿ ಅವಳು. ದಿನಾ ಹನ್ನೊಂದು ಗಂಟೆಗೆ ಹೂವಪ್ಪ ಪೇಪರ್ ಓದಲು ಲೈಬ್ರರಿಗೆ ಹೊರಟ ಕೂಡಲೇ ಶೇಷಮ್ಮ ಹೂ ಕಟ್ಟಲು ರಂಗಮ್ಮನ ಮನೆಗೆ ಹೋಗುತ್ತಿದ್ದಳು, ಅವನು ಬರುವ ಹೊತ್ತಿಗೆ ಮೊಳ ಮಲ್ಲಿಗೆಯೊಂದಿಗೆ ವಾಪಸಾಗುತ್ತಿದ್ದಳು.

“ಹೂವಣ್ಣ, ನಾನೊಂದು ಎಲೆ ತಂದು ಇಡ್ಲಾ?” ಎಂದಳು ರಂಗಮ್ಮ ಮೂರನೆಯ ಸಲ.

ಅವಳ ಅಡುಗೆಮನೆಯಿಂದ ಬರುತ್ತಿದ್ದ ಮೀನಿನ ವಾಸನೆ ಹೂವಪ್ಪನಿಗೆ ತಿಳಿಯದ್ದಲ್ಲ. “ಬೇಡ ರಂಗಮ್ಮ. ಅವ್ಳಿಗೆ ಅದು ಆಗ್ತಿರ್ಲಿಲ್ಲ” ಎಂದ. ರಂಗಮ್ಮ ಏನೋ ಹೇಳಲು ಬಾಯಿ ತೆರೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ನಟರಾಜನ ಮನೆಯ ಕೋಳಿಯೊಂದು ಎಲ್ಲಿಂದಲೋ ಬಂದು, ಕಟ್ಟೆ ಹತ್ತಿ, ಹಾಲನ್ನಕ್ಕೆ ಎರಡು ಸಲ ಕುಟುಕಿತು. ಹಸಿದವರಲ್ಲಿ ಒಂದು ಆಸೆ ಹುಟ್ಟಿತು. ಕೋಳಿಗೂ ರೆಕ್ಕೆ ಇದೆ, ಕೊಕ್ಕಿದೆ, ನಡೆಯುವುದಿಲ್ಲವೇ ಎಂದು ನಟರಾಜ ಕೇಳಿದ. ಮಂಜುನಾಥಪ್ಪ ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದರು. ಕೊನೆಗೆ ತಮ್ಮ ತಂಗಿ ಕೋಳಿಯಾಗಿ ಬರುವಷ್ಟು ಕೆಟ್ಟ ಕೆಲಸ ಯಾವುದನ್ನೂ ಮಾಡಿಲ್ಲವೆಂದು ತೀರ್ಮಾನಿಸಿದರು. ಕೋಳಿಯನ್ನು ಓಡಿಸಿ, ಆ ಎಲೆಯನ್ನು ಅಡುಗೆಮನೆಯಲ್ಲಿಟ್ಟು, ಪಾತ್ರೆಯಲ್ಲಿ ಉಳಿದ ಹಾಲನ್ನವನ್ನು ಹೊಸ ಎಲೆಗೆ ಬಡಿಸಲಾಯಿತು.

ಕೋಳಿಯಿಂದಾದ ಅವಮಾನ ತೊಳೆಯಲು ನಟರಾಜ ಅಂಗಡಿಯಿಂದ ದೊಡ್ಡ ಸ್ಪೀಕರು ತಂದ. ಫೋನಿನಲ್ಲಿ ಕಾಗೆಯ ಕೂಗು ಹುಡುಕಿ ಹಾಕಿದ. ಅದು ಎಂಥ ಕೂಗೋ, ಊಟಕ್ಕೆ ಕರೆಯುವುದಂತೂ ಅಲ್ಲ. ಕ್ಷಣದಲ್ಲಿ ಮಾರ್ಕೆಟ್ ಕಡೆಯ ಕಾಗೆಗಳೆಲ್ಲ ಬಂದು ಕರೆಂಟ್ ತಂತಿಯ ಮೇಲೆ ಸಾಲಾಗಿ ಕುಳಿತು, ಯಾರೋ ಸತ್ತರೆಂದು ಅರಚಾಡತೊಡಗಿದವು. ಒಂದೂ ಕೆಳಗಿಳಿಯಲಿಲ್ಲ. ಮಂಜುನಾಥಪ್ಪನವರ ಬಿಳಿ ಅಂಗಿಯ ಮೇಲೆ ಮೇಲಿನಿಂದ ಏನೋ ಬಿತ್ತು. ಅವರು ಸ್ಪೀಕರನ್ನೂ ನಟರಾಜನನ್ನೂ ಒಟ್ಟಿಗೇ ಹೊರಗೆ ಕಳಿಸಿದರು.

ಒಂದು ಗಂಟೆಗೆ ಮಂಜುನಾಥಪ್ಪನವರ ಮಗಳು ಯಶಸ್ವಿನಿ ಬಂದಳು. ತೀರ್ಥಹಳ್ಳಿಯಲ್ಲಿ ಡಾಕ್ಟರು ಅವಳು. ಓದು, ಕೆಲಸ ಎಂದು ಹತ್ತು ವರ್ಷ ಊರೂರು ಅಲೆದಿದ್ದರಿಂದ ಈ ಮನೆಗೆ ಬಂದದ್ದೇ ಅಪರೂಪ. ಅತ್ತೆಯ ಎಡೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಎಲೆಯನ್ನು ನೋಡಿದವಳು ಅಮಾಯಕಳಾಗಿ, “ಹಾಲನ್ನ ಎಂತಕ್ಕೆ ಮಾವ? ಅತ್ತೆಗೆ ಮೀನಲ್ವಾ ಇಷ್ಟ?” ಎಂದಳು.

ಹೂವಪ್ಪ ಒಳಗೆ ಹೋಗಿ ಪುಸ್ತಕ ತಂದ. ಗೌರವದಿಂದಲೇ ತಂದ, ಓದಿದ ಹುಡುಗಿ, ಈ ಬೀದಿಯವರಿಗೆ ಅರ್ಥವಾಗದ್ದು ಇವಳಿಗಾದರೂ ಆಗುತ್ತದೆ ಎಂದುಕೊಂಡ. ಕೆಂಪು ಗೆರೆಯ ಪುಟ ತೆರೆದು, ಹನ್ನೊಂದು ವರ್ಷದ ಪಥ್ಯವನ್ನು ಒಂದೂ ಬಿಡದೆ ಹೇಳಿದ.

ಯಶಸ್ವಿನಿಗೆ ಮೊದಲು ನಗು ಬಂತು. “ಇದು ನಮ್ಮಜ್ಜನ ಕಾಲದ್ದು ಮಾವ” ಎಂದಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. ತಡೆ ತಡೆದು ವಿವರಿಸಿದಳು. ಹೊಟ್ಟೆಹುಣ್ಣು ಖಾರದಿಂದ ಬರುವುದಿಲ್ಲವಂತೆ. ಹೆಚ್ಚಿನವು ಒಂದು ಬಗೆಯ ರೋಗಾಣುವಿನಿಂದ, ಇಲ್ಲವೇ ನೋವಿನ ಮಾತ್ರೆಗಳಿಂದ ಬರುತ್ತವಂತೆ. ರೋಗಾಣುವಾದರೆ ಎರಡು ವಾರದ ಮಾತ್ರೆಗೆ ಹೋಗುತ್ತದಂತೆ. ಹಾಲು ಕುಡಿದಾಗ ಒಂದು ಗಳಿಗೆ ತಂಪೆನಿಸಿದರೂ ಆಮೇಲೆ ಆಮ್ಲ ಹೆಚ್ಚೇ ಆಗುತ್ತದಂತೆ. ಮದುವೆ ಊಟ ಮಾಡಿ ಒಂದು ದಿನ ಎದೆ ಉರಿದದ್ದಕ್ಕೆ ಹುಣ್ಣು ಎನ್ನಲೂ ಬರುವುದಿಲ್ಲವಂತೆ.

ಹೂವಪ್ಪ ಪುಸ್ತಕವನ್ನು ಮುಚ್ಚಿ ಎದೆಗೆ ಒತ್ತಿ ಹಿಡಿದುಕೊಂಡ.

“ಹಾಗಾದ್ರೆ, ಅವ್ಳು ಮೀನು ತಿನ್ಬೋದಿತ್ತಾ?”

ಯಶಸ್ವಿನಿ ಅಪ್ಪನ ಮುಖ ನೋಡಿದಳು. ಸುಳ್ಳು ಹೇಳಲು ಅವಳಿಗೆ ಬರಲಿಲ್ಲ. “ತಿನ್ಬೋದಿತ್ತು ಮಾವ.”

“ಆಸ್ಪತ್ರೇಲಿ ಇದ್ದಾಗ್ಲೂ?”

“ಒಂದ್ ಸ್ವಲ್ಪ ಕೊಟ್ಟಿದ್ರೆ ಎಂತ ಆಗ್ತಿರ್ಲಿಲ್ಲ.”

ದಿನಕ್ಕೆ ಎರಡು ಊಟ, ವರ್ಷಕ್ಕೆ ಎಷ್ಟು, ಹನ್ನೊಂದು ವರ್ಷಕ್ಕೆ ಎಷ್ಟು ಎಂದು ಹೂವಪ್ಪನ ಮನಸ್ಸು ತಾನಾಗಿ ಗುಣಿಸಲು ಹೋಗಿ ಅಲ್ಲೇ ಸೋತಿತು. ಅಷ್ಟೂ ಊಟಗಳಲ್ಲಿ ಅವಳು ಎದುರು ಕುಳಿತು, ಒಂದು ಮಾತು ಆಡದೆ, ತಟ್ಟೆ ಖಾಲಿ ಮಾಡಿ ಎದ್ದಿದ್ದಳು. ಅವನು ಪುಸ್ತಕವನ್ನು ಯಶಸ್ವಿನಿಯ ಕೈಗೆ ಕೊಟ್ಟು, ಗೂಟದಲ್ಲಿದ್ದ ಚೀಲ ತೆಗೆದುಕೊಂಡು ನಡೆದೇಬಿಟ್ಟ.

ಮೀನು ಮಾರ್ಕೆಟ್ಟಿಗೆ ಅವನು ಕಾಲಿಟ್ಟು ಹನ್ನೆರಡು ವರ್ಷವಾಗಿತ್ತು. ಎರಡು ಗಂಟೆಗೆ ಅಲ್ಲಿ ಉಳಿದಿದ್ದುದು ಐದು ಬಂಗುಡೆ, ಅವೂ ಯಾರೂ ಬೇಡವೆಂದು ಬಿಟ್ಟವು. ಮಾರುವವಳು ಅವುಗಳ ತಾಜಾತನದ ಬಗ್ಗೆ ಹೇಳಿದ್ದನ್ನೆಲ್ಲ ಹೂವಪ್ಪ ತಲೆಯಾಡಿಸಿ ಕೇಳಿಸಿಕೊಂಡ. ಮನೆಗೆ ಬಂದು ತಾನೇ ಮಾಡುತ್ತೇನೆಂದು ಹಟ ಹಿಡಿದ. ಹಾಲನ್ನ ಬಿಟ್ಟು ಬೇರೆ ಅಡುಗೆಯನ್ನು ಕೈ ಮರೆತಿತ್ತು. ಮಂಜುನಾಥಪ್ಪನವರು ಬಾಗಿಲಲ್ಲಿ ನಿಂತು ವಾಟೆಹುಳಿ ಹಾಕು ಎಂದರು. ಮತ್ತೆ ಒಳಬಂದಿದ್ದ ನಟರಾಜ ಫೋನ್ ನೋಡಿ ತೆಂಗಿನಹಾಲು ಎಂದ. ಹೆಂಗಸರು ಮೆಣಸಿನ ಲೆಕ್ಕದಲ್ಲಿ ಎರಡು ಪಕ್ಷವಾದರು. ಹೂವಪ್ಪ ಎಲ್ಲರ ಮಾತನ್ನೂ ಕೇಳಿ ಎಲ್ಲವನ್ನೂ ಹಾಕಿದ. ಕೊನೆಗೆ ಒಲೆಯಿಂದ ಇಳಿದದ್ದರಲ್ಲಿ ಮೀನು ಯಾವುದು ಎಂದು ಹುಡುಕಬೇಕಾಗಿತ್ತು. ಆದರೂ ಬಣ್ಣ ಕೆಂಪಗಿತ್ತು, ಕಣ್ಣಲ್ಲಿ ನೀರು ಬರುವಷ್ಟು ಖಾರದ ವಾಸನೆಯಿತ್ತು.

ಮೂರು ಗಂಟೆಗೆ ಹೊಸ ಎಲೆ ಕಟ್ಟೆಗೆ ಬಂತು. ಹೂವಪ್ಪ ಕೈಮುಗಿದ.

“ತಪ್ಪಾಯ್ತು ಮಾರಾಯ್ತಿ. ಗೊತ್ತಿರ್ಲಿಲ್ಲ. ಇವತ್ತೊಂದಿನ ಉಣ್ಣು” ಎಂದ, ಅಷ್ಟು ಜನರ ಎದುರಿಗೆ, ನಾಚಿಕೆಯಿಲ್ಲದೆ.

ಒಂದು ಕಾಗೆ ಬಂದಿತು. ಬೆಳಗ್ಗೆ ಬಂದದ್ದೇ ಎಂದು ಮಂಜುನಾಥಪ್ಪನವರು ಪಿಸುಗುಟ್ಟಿದರು. ಅದು ಕಟ್ಟೆಯ ಮೇಲೆ ಕುಪ್ಪಳಿಸಿತು, ಎಲೆಯ ಹತ್ತಿರ ಹೋಯಿತು, ಕೊಕ್ಕು ಬಗ್ಗಿಸಿತು. ಕಾಗೆ ತಲೆಯೆತ್ತಿ, ಆಚೀಚೆ ನೋಡಿ, ಗೋಡೆ ದಾಟಿ ರಂಗಮ್ಮನ ಹಿತ್ತಲಿಗೆ ಹಾರಿತು.

ಎಲ್ಲರೂ ಗೋಡೆಗೆ ಮುಗಿಬಿದ್ದು ನೋಡಿದರು. ರಂಗಮ್ಮನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಬಾಳೆಲೆ. ಅದರ ಮೇಲೆ ಅನ್ನ, ಮೀನು ಸಾರು, ಒಣಸೀಗಡಿ ಚಟ್ನಿ, ಒಂದು ಅಪ್ಪೆಮಿಡಿ ಉಪ್ಪಿನಕಾಯಿ. ಕಾಗೆ ಸೀಗಡಿಯನ್ನು ಆರಿಸಿ ಆರಿಸಿ ತಿನ್ನುತ್ತಿತ್ತು. ರಂಗಮ್ಮ ಕಲ್ಲಿನ ಪಕ್ಕ ನಿಂತು, ಸಿಕ್ಕಿಬಿದ್ದವಳ ಹಾಗೆ ನೆಲ ನೋಡುತ್ತಿದ್ದಳು.

“ಬೈಬೇಡಿ ಹೂವಣ್ಣ. ಅವ್ಳು ದಿನಾ ಇಲ್ಲೇ ಉಣ್ತಿದ್ಲು” ಎಂದಳು.

ಹೂವಪ್ಪನಿಗೆ ಅರ್ಥವಾಗಲಿಲ್ಲ. ರಂಗಮ್ಮ ಅಳುತ್ತ ಅಳುತ್ತ ಎಲ್ಲವನ್ನೂ ಹೇಳಿದಳು. ಹನ್ನೊಂದು ಗಂಟೆಗೆ ಅವನು ಲೈಬ್ರರಿಯ ದಾರಿ ಹಿಡಿದರೆ ಶೇಷಮ್ಮ ಗೋಡೆ ಪಕ್ಕದ ಸಂದಿಯಿಂದ ಬರುತ್ತಿದ್ದಳು. ಮೀನೋ ಮೊಟ್ಟೆಯೋ ಚಟ್ನಿಯೋ, ಇದ್ದದ್ದನ್ನು ಉಂಡು, ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು ಮನೆಗೆ ಹೋಗುತ್ತಿದ್ದಳು. ಆಮೇಲೆ ಒಂದು ಗಂಟೆಗೆ ಗಂಡನ ಎದುರು ಕುಳಿತು ಹಾಲನ್ನವನ್ನೂ ಉಣ್ಣುತ್ತಿದ್ದಳು. ಹೂವನ್ನು ಕಟ್ಟುತ್ತಿದ್ದವಳು ರಂಗಮ್ಮ. ಹನ್ನೊಂದು ವರ್ಷ ಹಾಗೇ ನಡೆಯಿತು. ಶೇಷಮ್ಮ ದುಂಡಗಾದ ಗುಟ್ಟು ಬೀದಿಯವರಿಗೆಲ್ಲ ಗೊತ್ತಿತ್ತು ಎಂಬುದು ಅವರು ತಲೆ ತಗ್ಗಿಸಿದ ರೀತಿಯಿಂದಲೇ ತಿಳಿಯಿತು.

“ಆಸ್ಪತ್ರೇಲಿ?” ಎಂದು ಕೇಳಿದ ಹೂವಪ್ಪ. ಅವನಿಗೆ ಅದೊಂದು ತಿಳಿಯಬೇಕಿತ್ತು.

“ಗಂಜಿ ಅಂತ ಫ್ಲಾಸ್ಕ್ ಕೊಟ್ಟಿದ್ನಲ್ಲ, ನೀವೇ ಮೇಲೆ ವಾರ್ಡಿಗೆ ತಗೊಂಡು ಹೋದ್ರಿ. ಅದ್ರಲ್ಲಿ ಮೀನ್ ಸಾರಿತ್ತು. ನಿಮ್ಮನ್ನ ಮಾತ್ರೆ ತರೋಕೆ ಕಳಿಸಿ ಕುಡಿದ್ಲು.”

ಹೂವಪ್ಪ ಗೋಡೆಯನ್ನು ಹಿಡಿದುಕೊಂಡ. ಎದೆಯ ಮೇಲಿದ್ದ ಕಲ್ಲೊಂದು ಉರುಳಿದಂತಾಯಿತು. ಅದು ಉರುಳಿದ ಜಾಗದಲ್ಲಿ ಏನೂ ಇರಲಿಲ್ಲ, ಬರೀ ಬಯಲು.

“ನಂಗ್ಯಾಕೆ ಹೇಳ್ಲಿಲ್ಲ ಅವ್ಳು?”

“ಹೇಳು ಅಂತ ನೂರು ಸಲ ಅಂದಿದೀನಿ. ‘ನನ್ನ ವಾಸಿ ಮಾಡಿದೀನಿ ಅಂತ ಅವ್ರು ಎಷ್ಟು ಖುಷೀಲಿದಾರೆ ನೋಡು, ಇರ್ಲಿ ಬಿಡು. ನಾನು ಎರಡ್ ಊಟ ಮಾಡಿದ್ರೆ ಎಂತ ಹೋಗ್ತದೆ’ ಅಂತಿದ್ಲು.”

ಕಾಗೆ ಮುಟ್ಟಿತು, ಯಾವ ಹಿತ್ತಲಾದರೇನು ಎಂದು ಮಂಜುನಾಥಪ್ಪನವರು ತೀರ್ಪು ಕೊಟ್ಟರು. ಹೂವಪ್ಪನ ಬಂಗುಡೆಯನ್ನು ಉಣ್ಣುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ಇಡೀ ಪಂಕ್ತಿ ರಂಗಮ್ಮನ ಜಗುಲಿಗೆ ಸಾಗಿತು. ಹೂವಪ್ಪನನ್ನೂ ಕೈ ಹಿಡಿದು ಕರೆದೊಯ್ದು ಕೂರಿಸಿದರು. ರಂಗಮ್ಮ ಅವನಿಗೆ ಅಂಚು ನಗ್ಗಿದ ಒಂದು ಸ್ಟೀಲ್ ತಟ್ಟೆಯಲ್ಲಿ ಬಡಿಸಿದಳು. ಅದು ಶೇಷಮ್ಮ ಉಣ್ಣುತ್ತಿದ್ದ ತಟ್ಟೆ ಎಂದಳು.

ಹನ್ನೆರಡು ವರ್ಷದ ಮೇಲೆ ಮೀನು. ಹೂವಪ್ಪ ದೊಡ್ಡದೊಂದು ತುತ್ತು ಕಲಸಿ ಬಾಯಿಗಿಟ್ಟ. ನಾಲಿಗೆಗೆ ಬೆಂಕಿ ಬಿದ್ದಂತಾಯಿತು. ಕೆಮ್ಮು ಹತ್ತಿತು, ಮೂಗಿನಲ್ಲಿ ನೀರಿಳಿಯಿತು. ಎರಡನೆಯ ತುತ್ತು ಗಂಟಲಲ್ಲಿ ಇಳಿಯುವ ಮೊದಲೇ ಹೊಟ್ಟೆಯಲ್ಲಿ ಉರಿ ಎದ್ದಿತು. ಯಶಸ್ವಿನಿ ಓಡಿಬಂದು ಬೆನ್ನು ಸವರಿದಳು; ಇಷ್ಟು ವರ್ಷ ಸಪ್ಪೆ ಉಂಡವರಿಗೆ ಒಮ್ಮೆಲೇ ಒಗ್ಗುವುದಿಲ್ಲ ಮಾವ, ನಾಲ್ಕು ದಿನ ಮೆತ್ತಗಿನದೇ ಉಣ್ಣಿ ಎಂದಳು. ಈ ಸಲದ ಪಥ್ಯ ಹೊಸ ಕಾಲದ್ದೇ ಆಗಿತ್ತು.

ಹೂವಪ್ಪ ಕೈ ತೊಳೆದು, ಯಾರಿಗೂ ಹೇಳದೆ, ಗೋಡೆ ಪಕ್ಕದ ಸಂದಿಯಿಂದ ಮನೆಗೆ ಬಂದ. ಆ ಸಂದಿಯಲ್ಲಿ ಹುಲ್ಲು ಸವೆದು ಸಣ್ಣ ಕಾಲುದಾರಿ ಬಿದ್ದಿದ್ದನ್ನು ಅವನು ನೋಡಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಬೆಳಗಿನ ಎಲೆ ಹಾಗೇ ಇತ್ತು, ಕೋಳಿ ಕುಟುಕಿದ ಎರಡು ಗುಳಿಗಳ ಸಮೇತ. ಆಚೆ ಮನೆಯಿಂದ ಪಂಕ್ತಿಯ ಗದ್ದಲ ಕೇಳುತ್ತಿತ್ತು. ನಟರಾಜ ಇನ್ನೊಂದು ತುಂಡು ಕೇಳುತ್ತಿದ್ದ.

ಹೂವಪ್ಪ ಆ ಎಲೆಯನ್ನು ಎಳೆದುಕೊಂಡು, ದಿನಾ ಕೂರುತ್ತಿದ್ದ ಜಾಗದಲ್ಲಿ, ಎದುರಿನ ಖಾಲಿ ಮಣೆಯನ್ನು ನೋಡುತ್ತ ಕುಳಿತ.

“ಹುಚ್ಚಿ” ಎಂದ ಮೆಲ್ಲಗೆ. “ಒಂದ್ ಮಾತು ಹೇಳಿದ್ರೆ ನಾನೂ ಬರ್ತಿದ್ನಲ್ಲೇ.”

ಆಮೇಲೆ ತಣ್ಣಗಾದ ಹಾಲನ್ನವನ್ನು ಕಲಸಿಕೊಂಡು ಉಣ್ಣತೊಡಗಿದ.